ಕೈ ಹಿಡಿದು ಬರೆಸಿದ ಪುಟ

ಮೈಸೂರಿನ ಒಂದು ಬಡಾವಣೆಯ ಶಿಶುವಿಹಾರದಲ್ಲಿ ನಾಲ್ಕು ಗೆರೆಯ ಪುಸ್ತಕವೊಂದನ್ನು ತಿರುವಿ ನೋಡುವ ಸಂದರ್ಭ ನನಗೆ ಒದಗಿತ್ತು. ಪುಸ್ತಕದ ಯಜಮಾನನಿಗೆ ಮೂರು ವರ್ಷ ಏಳು ತಿಂಗಳು. ಮೊದಲ ಹನ್ನೆರಡು ಪುಟಗಳಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಸಾಲುಸಾಲಾಗಿ, ಗೆರೆ ದಾಟದೆ, ಒಂದೇ ಓರೆಯಲ್ಲಿ ನಿಂತಿತ್ತು. ಪ್ರತಿ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ‘ಗುಡ್’, ಪಕ್ಕದಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕರ್. ಹಿಂದಿನ ರಟ್ಟಿನ ಒಳಮೈಯಲ್ಲಿ ಮಾತ್ರ ಬೇರೆಯೇ ಕೈ ಕಾಣುತ್ತಿತ್ತು: ಕಾಗದ ಹರಿಯುವಷ್ಟು ಒತ್ತಿ, ಸುತ್ತಿ ಸುತ್ತಿ ಎಳೆದ ಗುಂಡು ಗೆರೆಗಳು. “ಅದು ಬಸ್ಸಂತೆ” ಎಂದರು ಶಿಕ್ಷಕಿ. ಮೊದಲ ಹನ್ನೆರಡು ಪುಟಗಳ ಬಗ್ಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈ ಹಿಡಿದು ಬರೆಸಿದ್ದು ಸರ್. ಖಾಲಿ ಪುಟ ಮನೆಗೆ ಹೋದರೆ ಮಾರನೇ ದಿನ ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ, ನಿಮ್ಮಲ್ಲಿ ಏನೂ ಹೇಳಿಕೊಡಲ್ವಾ ಅಂತ” ಎಂದರು.

ಇಷ್ಟು ಸಣ್ಣ ಸಂಗತಿಯನ್ನು ವೃತ್ತಿನೀತಿಯ ಪ್ರಶ್ನೆಯೆಂದು ಕರೆಯಬಹುದೇ ಎಂದು ಯಾರಾದರೂ ಹುಬ್ಬೇರಿಸಬಹುದು. ಆದರೆ ಶಿಶುಶಿಕ್ಷಣದಲ್ಲಿ ನೀತಿಯ ಕಷ್ಟದ ಪ್ರಶ್ನೆಗಳು ಬಹುಮಟ್ಟಿಗೆ ಈ ಅಳತೆಯವೇ. ದೊಡ್ಡ ಅಪರಾಧಗಳ ವಿಷಯದಲ್ಲಿ ಗೊಂದಲಕ್ಕೆ ಹೆಚ್ಚು ಎಡೆಯಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಕಾಯ್ದೆ ಆರರಿಂದ ಹದಿನಾಲ್ಕು ವರ್ಷದವರಿಗೆ ಸಂಬಂಧಿಸಿದ್ದು ಎಂಬುದು ನಿಜ. ಆದರೂ ಮೂರು ವರ್ಷದ ಮಗುವಿಗೆ ಹೊಡೆಯಬಹುದು ಎಂದು ಆ ವ್ಯಾಪ್ತಿಯನ್ನು ತೋರಿಸಿ ವಾದಿಸುವ ಪ್ರಾಮಾಣಿಕ ವ್ಯಕ್ತಿಯನ್ನು ನಾನು ಕಂಡಿಲ್ಲ. ನಿಜವಾದ ತೊಡಕು ಎದುರಾಗುವುದು ಎರಡೂ ಕಡೆ ಒಳ್ಳೆಯ ಉದ್ದೇಶವಿದ್ದಾಗ. ಮಗುವಿಗೆ ಇದು ಹೊತ್ತಲ್ಲ ಎಂದು ಶಿಕ್ಷಕಿಗೆ ಗೊತ್ತಿದೆ. ಇದೇ ಹೊತ್ತು ಎಂದು ತಾಯಿ ನಂಬಿದ್ದಾಳೆ. ಆಗ ಯಾರ ಮಾತು ನಡೆಯಬೇಕು?

ಶಿಕ್ಷಕಿಯ ತಿಳಿವಳಿಕೆಗೇ ಮೇಲುಗೈ ಇರಬೇಕು ಎನ್ನುವವರ ವಾದ ಕೇವಲ ಭಾವನೆಯ ಮೇಲೆ ನಿಂತಿಲ್ಲ. ಮೂರು ವರ್ಷದ ಮಗುವಿನ ಮಣಿಕಟ್ಟಿನಲ್ಲಿರುವ ಎಂಟು ಸಣ್ಣ ಮೂಳೆಗಳಲ್ಲಿ ಹೆಚ್ಚಿನವು ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯಾಗಿಯೇ ಇರುತ್ತವೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಆ ಕೈ ಹೆಬ್ಬೆರಳು ತೋರುಬೆರಳುಗಳ ನಡುವಿನ ಹಿಡಿತಕ್ಕೆ ಬರುವುದು ಮಣ್ಣು ಕಲಸಿ, ಕಾಳು ಹೆಕ್ಕಿ, ಮಣಿ ಪೋಣಿಸಿ, ಗುಂಡಿ ಹಾಕಿ ತೆಗೆದು. ಈ ಕೆಲಸಗಳನ್ನು ಬದಿಗಿಟ್ಟು ನಾಲ್ಕು ಗೆರೆಯ ಮೇಲೆ ಕೂರಿಸಿದರೆ, ಬರೆಯುವ ಮುನ್ನವೇ ಬರವಣಿಗೆಯೆಂದರೆ ನೋವು ಎಂಬ ಪಾಠವನ್ನು ಮಗು ಕಲಿಯುವ ಸಂಭವವಿದೆ. ವಕೀಲಿ ಬಿಟ್ಟು ಮಕ್ಕಳ ಕಡೆ ತಿರುಗಿದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದದ್ದೂ, ಅವರ ಒಡನಾಡಿ ತಾರಾಬಾಯಿ ಮೋಡಕ್ ಮುಂದೆ ಬೋರ್ಡಿ, ಕೋಸಬಾಡಗಳ ಆದಿವಾಸಿ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದದ್ದೂ ಈ ತಿಳಿವಳಿಕೆಯಿಂದಲೇ. ನಾವು ದಿನಾ ಬಳಸುವ ‘ಅಂಗನವಾಡಿ’ ಎಂಬ ಹೆಸರಿನಲ್ಲಿರುವುದು ಆ ಅಂಗಳವೇ. 2022ರ ಅಕ್ಟೋಬರಿನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೂರರಿಂದ ಎಂಟರವರೆಗಿನ ಕಲಿಕೆಯ ನಡುವೆ ಆಟವನ್ನೇ ಇಟ್ಟಿದೆ. ನೂರು ವರ್ಷಗಳ ಅನುಭವ ಒಂದೇ ದಿಕ್ಕಿಗೆ ಬೆರಳು ತೋರುತ್ತಿರುವಾಗ, ಗೇಟಿನ ಬಳಿ ಕೇಳಿಬಂದ ಬೇಡಿಕೆಗೆ ಮಣಿಯುವ ಶಿಕ್ಷಕಿ, ರೋಗಿ ಕೇಳಿದ ಮಾತ್ರೆಯನ್ನು ಬರೆದುಕೊಡುವ ವೈದ್ಯನಂತೆ ಆಗುವುದಿಲ್ಲವೇ ಎಂಬುದು ಈ ಪಕ್ಷದ ಪ್ರಶ್ನೆ.

ವೈದ್ಯನ ಹೋಲಿಕೆಯಲ್ಲೇ ಎದುರು ಪಕ್ಷದ ಉತ್ತರವೂ ಅಡಗಿದೆ. ವೈದ್ಯನ ಬಳಿ ರೋಗಿ ಹತ್ತು ನಿಮಿಷ ಇರುತ್ತಾನೆ. ಮಗುವಾದರೋ ಶಿಶುವಿಹಾರದಿಂದ ಮನೆಗೆ ಹೋಗಿ, ಆ ಮನೆಯಲ್ಲೇ ಬೆಳೆದು, ಆ ಮನೆಯವರ ಕನಸನ್ನು ಹೊತ್ತು ನಡೆಯಬೇಕಾದ ಜೀವ. ಅದರ ನಾಳೆಗೆ ಉತ್ತರದಾಯಿಗಳು ಹೆತ್ತವರೇ ಹೊರತು ಎರಡು ವರ್ಷ ಜೊತೆಗಿರುವ ಟೀಚರ್ ಅಲ್ಲ. ಕಾನೂನಿನ ಒಲವು ಕೂಡ, ಕನಿಷ್ಠ ಒಂದು ಸಂಬಂಧಿತ ವಿಷಯದಲ್ಲಿ, ಹೀಗೇ ಇದೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆಯ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ ಕರ್ನಾಟಕ ಸರ್ಕಾರದ 1994ರ ಆದೇಶ ಸುಪ್ರೀಂ ಕೋರ್ಟಿನ ಮುಂದೆ ಹೋದಾಗ, 2014ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಹೇಳಿದ್ದು, ಮಾಧ್ಯಮದ ಆಯ್ಕೆ ಮಗುವಿಗೆ ಮತ್ತು ಮಗುವಿನ ಪರವಾಗಿ ಹೆತ್ತವರಿಗೆ ಸೇರಿದ್ದು ಎಂದು. ಮಾತೃಭಾಷೆಯಲ್ಲಿ ಕಲಿಯುವುದು ಮೇಲೆಂದು ತಜ್ಞರು ಹೇಳಿರಬಹುದು. ಆ ಮೇಲನ್ನು ಹೇರುವ ಅಧಿಕಾರ ಸರ್ಕಾರಕ್ಕೇ ಇಲ್ಲವೆಂದಾದರೆ, ಒಬ್ಬ ಶಿಕ್ಷಕಿಗೆ ಎಷ್ಟಿರಬೇಕು? ತೀರ್ಪು ಮಾಧ್ಯಮಕ್ಕೆ ಸಂಬಂಧಿಸಿದ್ದೇ ವಿನಾ ಬೋಧನೆಯ ವಿಧಾನಕ್ಕಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆದರೂ ಅದರ ಹಿಂದಿನ ತತ್ತ್ವವನ್ನು ತಳ್ಳಿಹಾಕುವುದು ಸುಲಭವಲ್ಲ.

ಹೆತ್ತವರ ಪಕ್ಷದ ಅತಿ ಬಲವಾದ ವಾದ ಇನ್ನೂ ಆಳದ್ದು. ಪುಸ್ತಕದ ಕಪಾಟಿರುವ ಮನೆಯ ಮಗುವಿಗೆ ಅಕ್ಷರ ಎಲ್ಲಿಂದಲಾದರೂ ಸಿಗುತ್ತದೆ: ಅಜ್ಜನ ಪತ್ರಿಕೆ, ಅಮ್ಮನ ಮೊಬೈಲು, ಮಲಗುವ ಮುನ್ನ ಓದುವ ಕಥೆ. ಅಂಥ ಮಗುವಿಗೆ ಶಿಶುವಿಹಾರದಲ್ಲಿ ಬರೀ ಆಟವಿದ್ದರೂ ನಷ್ಟವಿಲ್ಲ. ತಲೆಮಾರುಗಳ ಕಾಲ ಅಕ್ಷರ ಮುಟ್ಟಗೊಡದ ಬಾಗಿಲ ಹೊರಗೇ ನಿಂತಿದ್ದ ಮನೆಯ ತಾಯಿಗೆ “ಅವಸರ ಬೇಡಮ್ಮ, ಮಗು ಆಡಿಕೊಂಡಿರಲಿ” ಎಂಬ ಮಾತು ಹೇಗೆ ಕೇಳಿಸಬಹುದು ಎಂಬುದನ್ನು ಊಹಿಸಬೇಕು. ‘ಇನ್ನೂ ಕಾಯಿರಿ’ ಎಂದು ಹೇಳುತ್ತಲೇ ಬಂದವರ ಮಾತಿಗೆ ಇದು ಇನ್ನೊಂದು ಸೇರ್ಪಡೆಯಾಗಿ ಕೇಳಿಸಿದರೆ ತಪ್ಪು ಯಾರದು? ಅಮೆರಿಕದ ಕಪ್ಪು ಸಮುದಾಯದ ಶಿಕ್ಷಣತಜ್ಞೆ ಲೀಸಾ ಡೆಲ್ಪಿಟ್ 1988ರ ತಮ್ಮ ಹೆಸರಾಂತ ಪ್ರಬಂಧದಲ್ಲಿ ಎತ್ತಿದ್ದು ಈ ಬಗೆಯ ಪ್ರಶ್ನೆಯನ್ನೇ. ಮಗುಕೇಂದ್ರಿತ ಬೋಧನೆಯ ಉದಾರ ಶಿಕ್ಷಕರು, ತಮ್ಮ ಮಕ್ಕಳಿಗೆ ಮನೆಯಲ್ಲೇ ಸಿಕ್ಕಿಬಿಡುವ ಕೌಶಲಗಳನ್ನು ಬಡ ಕಪ್ಪು ಮಕ್ಕಳಿಗೆ ನೇರವಾಗಿ ಕಲಿಸದೆ ಉಳಿಸಿ, ಅರಿವಿಲ್ಲದೆಯೇ ಅಧಿಕಾರದ ಕೀಲಿಕೈಯನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ ಎಂಬುದು ಅವರ ಆಕ್ಷೇಪ. ದೇಶ ಬೇರೆ, ಬಣ್ಣದ ಚರಿತ್ರೆ ಬೇರೆ. ಆದರೆ ಗೇಟಿನ ಬಳಿ ನಿಂತ ಆ ತಾಯಿಯ ಆತಂಕಕ್ಕೆ ಇದಕ್ಕಿಂತ ಒಳ್ಳೆಯ ವಕಾಲತ್ತನ್ನು ನಾನು ಓದಿಲ್ಲ.

ಇಷ್ಟಾದರೂ ಡೆಲ್ಪಿಟ್ ಕೇಳಿದ್ದು ಮೂರು ವರ್ಷದ ಮಕ್ಕಳಿಂದ ಕಾಪಿ ಬರೆಸಿ ಎಂದಲ್ಲ. ಕೌಶಲ ಅಥವಾ ಸೃಜನಶೀಲತೆ ಎಂದು ಒಂದನ್ನೇ ಆಯ್ದುಕೊಳ್ಳಬೇಡಿ, ಎರಡೂ ಬೇಕು ಎಂದಷ್ಟೇ ಅವರು ಒತ್ತಿ ಹೇಳಿದ್ದರು. ಶಿಕ್ಷಕಿಯ ಪಕ್ಷದವರು ಇಲ್ಲಿ ಹಿಡಿದು ಕೇಳುತ್ತಾರೆ: ಅಕ್ಷರದ ಹಸಿವಿರುವ ಮನೆಯ ಮಗುವಿಗೆ ನಾವು ಕೊಡುತ್ತಿರುವುದು ಅಕ್ಷರವನ್ನೋ, ಅಕ್ಷರದ ಆಕಾರವನ್ನೋ? ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ ಮತ್ತು ಅಸರ್ ಕೇಂದ್ರದವರು ಮೂರು ರಾಜ್ಯಗಳ ಸುಮಾರು 14,000 ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಖಾಸಗಿ ಶಾಲಾಪೂರ್ವ ಕೇಂದ್ರಗಳು ಬಹುಪಾಲು ಒಂದನೇ ತರಗತಿಯನ್ನೇ ಕೆಳಕ್ಕೆ ಎಳೆದು ಹಾಸಿದಂತಿವೆ ಎಂದೂ, ಸರ್ಕಾರಿ ಕೇಂದ್ರಗಳಲ್ಲಿ ಕಲಿಕೆಗೆ ಸಿಗುವ ಹೊತ್ತೇ ಕಡಿಮೆ ಎಂದೂ ಅದರಿಂದ ತಿಳಿಯುತ್ತದೆ. ಎರಡು ಬಗೆಯ ಕೇಂದ್ರಗಳೂ ಮಗುವಿನ ವಯಸ್ಸಿಗೆ ಹೊಂದುವ ಕಲಿಕೆಯನ್ನು ಕೊಡುತ್ತಿರಲಿಲ್ಲ. ಅಂದರೆ ನಮ್ಮ ಜಗಳ ‘ಆಟವೋ ಪಾಠವೋ’ ಎಂದು ನಡೆಯುತ್ತಿರುವಾಗ, ಬಹುಸಂಖ್ಯೆಯ ಮಕ್ಕಳಿಗೆ ಒಳ್ಳೆಯ ಆಟವೂ ಇಲ್ಲ, ಒಳ್ಳೆಯ ಪಾಠವೂ ಇಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಎರಡೂ ಪಕ್ಷದವರು ತಮ್ಮದೆಂದು ಹೇಳಿಕೊಳ್ಳಬಹುದು. ಇಂಗ್ಲಿಷ್ ಮಗು ಇಪ್ಪತ್ತಾರು ಅಕ್ಷರಗಳ ದೊಡ್ಡ, ಸಣ್ಣ ರೂಪಗಳನ್ನು ಕಲಿತರೆ ಆಕಾರಗಳ ಮಟ್ಟಿಗೆ ಕೆಲಸ ಮುಗಿಯಿತು. ಕನ್ನಡದ ಮಗುವಿಗೆ ವರ್ಣಮಾಲೆಯಾದ ಮೇಲೆ ಕಾಗುಣಿತ, ಅದಾದ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿದ್ದು ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡಿದ ಸೊನಾಲಿ ನಾಗ್, ಅಕ್ಷರಗಳ ಮೇಲಿನ ಹಿಡಿತ ಮಕ್ಕಳಿಗೆ ಒಂದೆರಡು ವರ್ಷಗಳಲ್ಲಿ ಬರುವಂಥದ್ದಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಅದು ಚಾಚಿಕೊಳ್ಳುತ್ತದೆ ಎಂದು ತೋರಿಸಿದ್ದಾರೆ. ಹಾಗಿದ್ದರೆ ಬೇಗ ಹಿಡಿದಷ್ಟೂ ಒಳ್ಳೆಯದಲ್ಲವೇ ಎಂದು ತಾಯಿ ಕೇಳಬಹುದು. ಇಷ್ಟು ದೂರದ ದಾರಿಯಲ್ಲಿ ಮೊದಲ ಫರ್ಲಾಂಗನ್ನೇ ಓಡಿಸಿ ದಣಿಸುವುದೇಕೆ ಎಂದು ಶಿಕ್ಷಕಿ ಕೇಳಬಹುದು. ಒಂದೇ ತಥ್ಯ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ಕೂರುತ್ತದೆ. ಸಂಶೋಧನೆಯೊಂದೇ ಇಂಥ ಜಗಳಗಳನ್ನು ತೀರಿಸಿಬಿಡುತ್ತದೆ ಎಂದು ನಂಬುವವರಿಗೆ ಇದು ತುಸು ಇರುಸುಮುರುಸಿನ ಸಂಗತಿ.

ಇಂಥ ಬಿಕ್ಕಟ್ಟುಗಳಿಗೆಂದೇ ಸಂಹಿತೆ ಬರೆದುಕೊಂಡವರಿದ್ದಾರೆ. ಅಮೆರಿಕದ ಶಿಶುಶಿಕ್ಷಕರ ರಾಷ್ಟ್ರೀಯ ಸಂಘ 1989ರಲ್ಲಿ ತನ್ನ ನೀತಿಸಂಹಿತೆಯನ್ನು ಅಂಗೀಕರಿಸಿತು. ಅದರ ಹಿಂದೆ ದುಡಿದವರು ಸ್ಟೆಫನಿ ಫೀನಿ ಎಂಬ ಶಿಕ್ಷಣತಜ್ಞೆ ಮತ್ತು ಕೆನೆತ್ ಕಿಪ್ನಿಸ್ ಎಂಬ ತತ್ತ್ವಶಾಸ್ತ್ರಜ್ಞ. ಮಗುವಿಗೆ ಹಾನಿ ಮಾಡಬಾರದು ಎಂಬ ಸೂತ್ರ ಉಳಿದೆಲ್ಲ ಸೂತ್ರಗಳಿಗಿಂತ ಮೇಲೆ ಎಂಬುದು ಅದರ ತಿರುಳು. ಆ ಸಂಘದ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆಯೊಂದು ಮಧ್ಯಾಹ್ನದ ನಿದ್ದೆಯದು. ನಾಲ್ಕು ವರ್ಷದ ಹುಡುಗ ಶಾಲೆಯಲ್ಲಿ ಒಂದು ಗಂಟೆ ಮಲಗುತ್ತಾನೆ. ಮಲಗಿದರೆ ರಾತ್ರಿ ಹತ್ತರವರೆಗೆ ಮನೆಯಲ್ಲಿ ಕಣ್ಣು ಮುಚ್ಚುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಓಡಬೇಕಾದ ತಾಯಿ, “ಇವನನ್ನು ಶಾಲೆಯಲ್ಲಿ ಮಲಗಿಸಬೇಡಿ” ಎಂದು ಕೇಳಿಕೊಳ್ಳುತ್ತಾಳೆ. ಮಲಗದಿದ್ದರೆ ಮಧ್ಯಾಹ್ನವೆಲ್ಲ ಹುಡುಗನಿಗೆ ಕಿರಿಕಿರಿ. ಈ ತಾಯಿ ಕೆಟ್ಟವಳಲ್ಲ. ನಿದ್ದೆಗೆಟ್ಟ ತಾಯಿ ಕೂಡ ಮಗುವಿಗೆ ಹಾನಿಯೇ. ಅಲ್ಲಿನ ಚರ್ಚೆಯಿಂದ ನಮಗೆ ಉಪಯೋಗವಾಗಬಹುದಾದ ಒಂದು ಗೆರೆ ಇದು: ಮಗುವಿಗೆ ಹಾನಿಯಾಗುವ ಬೇಡಿಕೆ ಬೇರೆ, ಮಗುವಿಗೆ ಅತ್ಯುತ್ತಮವಲ್ಲದ ಬೇಡಿಕೆ ಬೇರೆ. ಮೊದಲನೆಯದಕ್ಕೆ ಶಿಕ್ಷಕಿ ಇಲ್ಲವೆನ್ನಲೇಬೇಕು. ಎರಡನೆಯದರಲ್ಲಿ ಕೂತು ಮಾತಾಡಿ ಹದ ಕಂಡುಕೊಳ್ಳಬೇಕು. ಒಂದು ಗಂಟೆಯ ನಿದ್ದೆ ಅರ್ಧ ಗಂಟೆಯಾಗಬಹುದು, ಹಾಸಿಗೆಯ ಬದಲು ಸುಮ್ಮನೆ ಒರಗಿ ಕಥೆ ಕೇಳುವ ಹೊತ್ತಾಗಬಹುದು.

ಈ ಗೆರೆ ಕಾಗದದ ಮೇಲೆ ಸೊಗಸಾಗಿದೆ. ನಾಲ್ಕು ಗೆರೆಯ ಪುಸ್ತಕ ಇದರ ಯಾವ ಬದಿಗೆ ಬೀಳುತ್ತದೆ? ಮೂರೂವರೆ ವರ್ಷದವನ ಕೈ ಹಿಡಿದು ಒಂದು ಪುಟ ಬರೆಸಿದರೆ ಹಾನಿ ಎನ್ನುವುದು ಅತಿಶಯೋಕ್ತಿ. ದಿನಕ್ಕೆ ನಾಲ್ಕು ಪುಟ, ಮನೆಗೆ ಹೋಮ್‌ವರ್ಕ್, ಬರೆಯದಿದ್ದರೆ ಆಟದ ಹೊತ್ತು ಕಟ್, ಪಕ್ಕದ ಹುಡುಗಿಯ ಪುಸ್ತಕ ತೋರಿಸಿ ಮೂದಲಿಕೆ, ಇಷ್ಟೂ ಸೇರಿದಾಗ ಹಾನಿಯಲ್ಲ ಎನ್ನುವುದೂ ಕಷ್ಟ. ಎಲ್ಲಿಂದ ಎಲ್ಲಿಗೆ ದಾಟಿದೆವು ಎಂಬುದು ದಾಟಿದ ಮೇಲೆಯೇ ತಿಳಿಯುವಂಥದ್ದು.

ಇನ್ನು, ಸಂಹಿತೆಯ ಮಾತಾಡುವವರು ಯಾರಿಂದ ಏನು ಕೇಳುತ್ತಿದ್ದೇವೆ ಎಂಬುದನ್ನೂ ನೋಡಿಕೊಳ್ಳಬೇಕು. ವೈದ್ಯರಿಗೆ, ವಕೀಲರಿಗೆ ಇರುವಂತೆ ನೋಂದಣಿ ಕೊಡುವ, ತಪ್ಪಿದರೆ ಕಿತ್ತುಕೊಳ್ಳುವ ಪರಿಷತ್ತು ನಮ್ಮಲ್ಲಿ ಶಿಶುಶಿಕ್ಷಕಿಯರಿಗಿಲ್ಲ. ಅವರ ಪರವಾಗಿ ನಿಲ್ಲುವುದಕ್ಕೂ ಇಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ತಿ. ನರಸೀಪುರವೂ ಅದರಲ್ಲಿತ್ತು. ಅಂದಿನಿಂದ ಅರ್ಧ ಶತಮಾನ ಕಳೆದರೂ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಮಕ್ಕಳ ತೂಕ ಹಿಡಿಯುವುದು, ಗರ್ಭಿಣಿಯರಿಗೆ ‘ಮಾತೃಪೂರ್ಣ’ ಯೋಜನೆಯ ಊಟ, ಪೋಷಣ್ ಟ್ರ್ಯಾಕರಿನಲ್ಲಿ ದಾಖಲಾತಿ, ಊರಿನ ಸಮೀಕ್ಷೆ, ಚುನಾವಣೆ ಬಂದರೆ ಮತದಾರರ ಪಟ್ಟಿ. ಇಷ್ಟರ ನಡುವೆ ಸಿಕ್ಕ ಹೊತ್ತಿನಲ್ಲಿ ‘ಚಿಲಿಪಿಲಿ’ ಪುಸ್ತಕದ ಆಟ, ಹಾಡು. ಈಕೆಯ ಮುಂದೆ ವೃತ್ತಿಪರ ನೀತಿಯ ಪಟ್ಟಿ ಹಿಡಿಯುವವರು ಮೊದಲು ಈಕೆಯ ಕೆಲಸವನ್ನು ವೃತ್ತಿಯೆಂದು ಒಪ್ಪಲಿ ಎಂಬ ಮಾತಿನಲ್ಲಿ ನ್ಯಾಯವಿದೆ.

ಇದಕ್ಕೆ ಪ್ರತಿಯಾಗಿ ಹೇಳಬಹುದಾದದ್ದು ಕೂಡ ತೂಕದ್ದೇ. ಮಗುವಿನ ಮೈಮನಸ್ಸು ಸರ್ಕಾರದ ಆದೇಶಕ್ಕೆ ಕಾಯುವುದಿಲ್ಲ. ತೂಕದ ರಿಜಿಸ್ಟರಿನಲ್ಲಿ ಒಂದು ಅಂಕಿ ಏರುಪೇರಾದರೆ ಯಾವುದೋ ಒಂದು ಮಗುವಿನ ಅಪೌಷ್ಟಿಕತೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಗೌರವಧನ ಕಡಿಮೆಯೆಂಬುದು ಆ ಅಂಕಿಗೆ ಸಮಜಾಯಿಷಿಯಾಗಲಾರದು. ಬಹುತೇಕ ಕಾರ್ಯಕರ್ತೆಯರು ಆ ಸಮಜಾಯಿಷಿಯನ್ನು ಹೇಳುವುದೂ ಇಲ್ಲ. ಗೌರವ ಬಂದ ಮೇಲೆ ನೀತಿಯೋ, ನೀತಿಯಿಂದ ಗೌರವವೋ ಎಂಬ ತರ್ಕ ಎಷ್ಟು ದೂರ ಬೇಕಾದರೂ ಹೋಗಬಹುದು. ಇತಿಹಾಸದಲ್ಲಿ ದಾದಿಯರಿಗಾಗಲಿ ಶಿಕ್ಷಕರಿಗಾಗಲಿ ಎರಡೂ ಒಟ್ಟೊಟ್ಟಿಗೇ, ತಳ್ಳಾಡಿಕೊಂಡೇ ಬಂದಿವೆ.

ಮತ್ತೆ ಬರವಣಿಗೆಯ ಪ್ರಶ್ನೆಗೆ ಬಂದರೆ, ಹೆತ್ತವರ ಬೇಡಿಕೆಗೆ ಮಣಿಯಬೇಕು ಎನ್ನುವವರ ವ್ಯಾವಹಾರಿಕ ವಾದವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅಂಗನವಾಡಿಯಲ್ಲಿ ಬರೆಸುವುದಿಲ್ಲ, ಇಂಗ್ಲಿಷ್ ಇಲ್ಲ ಎಂಬ ಕಾರಣಕ್ಕೆ ಮೂರೂವರೆ, ನಾಲ್ಕಕ್ಕೆಲ್ಲ ಮಕ್ಕಳನ್ನು ಎಲ್‌ಕೆಜಿ ವ್ಯಾನು ಹತ್ತಿಸುವುದು ಹಳ್ಳಿಹಳ್ಳಿಯಲ್ಲೂ ಕಾಣುವ ದೃಶ್ಯ. ವ್ಯಾನು ಹತ್ತಿದ ಮಗುವಿಗೆ ಮೊಟ್ಟೆ, ಹಾಲು ತಪ್ಪುತ್ತದೆ, ಹೆಚ್ಚು ಬರವಣಿಗೆಯೂ ಗಂಟುಬೀಳುತ್ತದೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತದ್ದು, ಅದೇ ವರ್ಷ ಕೆಲವು ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸ್ಸರಿ’ ಎಂಬ ಫಲಕ ಬಿದ್ದದ್ದು, ಎಲ್ಲದರ ಹಿಂದಿರುವುದು ಈ ವ್ಯಾನೇ. (ಮಾಂಟೆಸ್ಸರಿ ಎಂಬ ಹೆಸರು ಈಗ ಬೋಧನೆಯ ಕ್ರಮಕ್ಕಿಂತ ಹೆಚ್ಚಾಗಿ ಸಮವಸ್ತ್ರವನ್ನು ಸೂಚಿಸುತ್ತಿದೆಯೇ ಎಂಬ ಅನುಮಾನ ನನಗೊಬ್ಬನಿಗೇ ಇರಲಾರದು.) ಹೀಗಿರುವಾಗ ಶಿಕ್ಷಕಿ ಸ್ವಲ್ಪ ಬರೆಸಿ, ಮಗುವನ್ನು ತನ್ನಲ್ಲೇ ಉಳಿಸಿಕೊಂಡು, ಉಳಿದ ಹೊತ್ತು ಆಡಲು ಬಿಟ್ಟರೆ ಮಗುವಿಗೆ ಒಟ್ಟಾರೆ ಲಾಭವೇ ಹೆಚ್ಚು. ಕೈ ಹಿಡಿದು ಬರೆಸಿದ ಹತ್ತು ನಿಮಿಷ, ಉಳಿದ ಮೂರು ಗಂಟೆಯ ಆಟಕ್ಕೆ ಕೊಟ್ಟ ಕಂದಾಯವಿದ್ದಂತೆ.

ಎದುರು ಪಕ್ಷ ಇಲ್ಲಿ ಒಂದೇ ಪ್ರಶ್ನೆ ಕೇಳುತ್ತದೆ: ಈ ಕಂದಾಯ ಏರುತ್ತಾ ಹೋದರೆ? “ನಾನು ಮಾಡದಿದ್ದರೆ ಇನ್ನೊಬ್ಬರು ಇದಕ್ಕಿಂತ ಕೆಟ್ಟದಾಗಿ ಮಾಡುತ್ತಾರೆ” ಎಂಬ ಸಮರ್ಥನೆಗೆ ತಳವಿಲ್ಲ. ರಾಜ್ಯವೇ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡದ್ದನ್ನು ನೋಡಿದ್ದೇವೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ಬಿಗಿಯಾಗಿ ತರುವ ಹೊತ್ತಿಗೆ, ಈಗಾಗಲೇ ಯುಕೆಜಿ ಮುಗಿಸಿದ ಮಕ್ಕಳ ಹೆತ್ತವರ ಒತ್ತಾಯಕ್ಕೆ ಓಗೊಟ್ಟು, 2025-26ರ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಅದನ್ನು ಸಡಿಲಿಸಲಾಯಿತು. ಒಂದು ವರ್ಷ ಸುಮ್ಮನೆ ಕಳೆಯಬೇಕಾಗಿದ್ದ ಮಕ್ಕಳ ದೃಷ್ಟಿಯಿಂದ ಅದು ಕರುಣೆಯ ತೀರ್ಮಾನ. ಎರಡೂವರೆಗೇ ನರ್ಸರಿಗೆ ಸೇರಿಸುವ ಓಟಕ್ಕೆ ಅದರಿಂದ ಸಿಕ್ಕ ಸಂದೇಶದ ದೃಷ್ಟಿಯಿಂದ ಅದು ಹಿಂಜರಿತ. ಯಾವುದು ಹೆಚ್ಚು ಸರಿ ಎಂಬುದರಲ್ಲಿ ಪ್ರಾಮಾಣಿಕರು ಭಿನ್ನವಾಗಿ ಯೋಚಿಸಬಲ್ಲರು. ನಾನೇ ಎರಡು ಸಲ ಮನಸ್ಸು ಬದಲಿಸಿದ್ದೇನೆ.

ಇಲ್ಲಿಯವರೆಗೆ ತಕ್ಕಡಿ ಹೆಚ್ಚುಕಡಿಮೆ ಸಮವಾಗಿಯೇ ತೂಗಿದೆ. ನನ್ನನ್ನು ಕೊಂಚ ಒಂದು ಕಡೆಗೆ ವಾಲಿಸಿದ್ದು ಬರವಣಿಗೆಯ ಪ್ರಶ್ನೆಗಿಂತ ಆ ಹನ್ನೆರಡು ಪುಟಗಳ ಪ್ರಶ್ನೆ. ಮಗು ಮಾಡದ ಕೆಲಸವನ್ನು ಮಗುವಿನ ಹೆಸರಿನಲ್ಲಿ ಮನೆಗೆ ಕಳಿಸುವುದು ಏನು? ಸುಳ್ಳೇ, ಸಮಾಧಾನವೇ?

ಸಮಾಧಾನ ಎನ್ನುವವರ ಬಳಿ ಒಳ್ಳೆಯ ಸಾಕ್ಷಿಯಿದೆ. ಶೃಂಗೇರಿಯ ಶಾರದೆಯ ಸನ್ನಿಧಿಯಲ್ಲಿ, ವಿಜಯದಶಮಿಯ ದಿನ ಮನೆಮನೆಯಲ್ಲಿ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅಪ್ಪನೋ ಅಜ್ಜನೋ ಮಗುವಿನ ಬೆರಳು ಹಿಡಿದು ‘ಶ್ರೀ’ ಬರೆಸುತ್ತಾರೆ. ಅಲ್ಲಿಯೂ ಬರೆಯುವುದು ಮಗುವಲ್ಲ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಮನೆಯವರೆಲ್ಲ ಕಣ್ಣು ತುಂಬಿ ನೋಡುತ್ತಾರೆ. ಹಾಗೆಯೇ, ಮೂರು ವರ್ಷದವನು ಇಷ್ಟು ಅಂದವಾಗಿ ಬರೆಯಲಾರ ಎಂಬುದು ಯಾವ ತಾಯಿಗೆ ಗೊತ್ತಾಗುವುದಿಲ್ಲ? ಗೊತ್ತಿದ್ದೂ ಆಕೆ ಆ ಪುಟ ನೋಡಿ ಸಂತೋಷಪಡುತ್ತಾಳೆ. ಶಿಕ್ಷಕಿ ಮಾಡಿದ್ದು ಆ ಸಂತೋಷಕ್ಕೆ ಒಂದು ನೆಪ ಒದಗಿಸಿದ್ದಷ್ಟೇ.

ಇದಕ್ಕೆ ಉತ್ತರ ಆ ಅಕ್ಕಿಯ ತಟ್ಟೆಯಲ್ಲೇ ಇದೆ ಎಂದು ನನಗೆ ತೋರುತ್ತದೆ. ಅಕ್ಷರಾಭ್ಯಾಸದಲ್ಲಿ ಹಿಡಿದ ಕೈ ಎಲ್ಲರಿಗೂ ಕಾಣುತ್ತದೆ. ನಾಲ್ಕು ಗೆರೆಯ ಪುಸ್ತಕದಲ್ಲಿ ಆ ಕೈ ಕಾಣುವುದಿಲ್ಲ. ಅದರ ಜಾಗದಲ್ಲಿ ಮಗುವಿನ ಹೆಸರೂ ನಕ್ಷತ್ರವೂ ಇವೆ. ಎಲ್ಲ ತಾಯಂದಿರಿಗೂ ಗೊತ್ತಾಗುತ್ತದೆ ಎಂಬುದೂ ಅನುಕೂಲದ ನಂಬಿಕೆ. ಶಾಲೆಯ ಬರವಣಿಗೆಯ ಪರಿಚಯವೇ ಇಲ್ಲದ ತಾಯಿಗೆ, ಅಂದರೆ ಡೆಲ್ಪಿಟ್ ಯಾರ ಪರವಾಗಿ ಮಾತಾಡಿದರೋ ಅಂಥವಳಿಗೆ, ಅದು ಗೊತ್ತಾಗದಿರಬಹುದು. ತನ್ನ ಮಗ ಬರೆಯುತ್ತಾನೆಂದೇ ಆಕೆ ನಂಬುತ್ತಾಳೆ, ಒಂದನೇ ತರಗತಿಯಲ್ಲಿ ಅವನು ಬರೆಯಲಾರದೆ ಕೂತಾಗ ದಡ್ಡನೆಂದು ಬೈಯುತ್ತಾಳೆ. ಹೀಗೆ ನೋಡಿದರೆ ಹೆತ್ತವರ ಹಕ್ಕನ್ನು ಎತ್ತಿಹಿಡಿಯುವವರೇ ಈ ಪುಟವನ್ನು ಮೊದಲು ಆಕ್ಷೇಪಿಸಬೇಕು. ಆಯ್ಕೆಯ ಹಕ್ಕಿರುವವರಿಗೆ ಸರಿಯಾದ ಮಾಹಿತಿಯ ಹಕ್ಕೂ ಇರಬೇಕಲ್ಲ.

ಆದ್ದರಿಂದ ನನ್ನ ಒಲವು, ಬಹಳ ಎಚ್ಚರದಿಂದ ಹೇಳುವುದಾದರೆ, ಹೀಗಿದೆ. ವಿಧಾನದ ವಿಷಯದಲ್ಲಿ ಶಿಕ್ಷಕಿ ಬಾಗಬಹುದು, ಬಾಗಬೇಕು ಕೂಡ. ತಾಯಿ ಬರೆಸಿ ಎಂದರೆ ಸ್ಲೇಟು ಬಳಪ ಕೊಡಲಿ, ಮರಳಲ್ಲಿ ಬೆರಳಾಡಿಸಲಿ, ನಾಲ್ಕೂವರೆ ದಾಟಿದವರಿಗೆ ಅವರ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸಲಿ. ಅಕ್ಷರವನ್ನು ಮುಚ್ಚಿಡುವುದು ಆಟದ ತತ್ತ್ವಕ್ಕೆ ಅಗತ್ಯವೇನಲ್ಲ. ಹೋಮ್‌ವರ್ಕ್, ಹೋಲಿಕೆ, ಆಟ ಕಿತ್ತುಕೊಳ್ಳುವ ಶಿಕ್ಷೆ ಇವುಗಳಿಗೆ ಬಾಗಬಾರದು. ಮಗುವಿನ ಬಗ್ಗೆ ಮನೆಗೆ ಹೋಗುವ ಮಾತಿನಲ್ಲೂ ಬಾಗಬಾರದು. ಪುಟವಾಗಲಿ, ತೂಕವಾಗಲಿ, ‘ಗುಡ್’ ಆಗಲಿ. ಈ ನಿಲುವಿನ ಭಾರವನ್ನು ಶಿಕ್ಷಕಿಯೊಬ್ಬಳ ಹೆಗಲಿಗೇ ಬಿಟ್ಟರೆ ಅದು ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಬೇಕು. ಎಷ್ಟು ಬರೆಸುತ್ತೇವೆ, ಏಕೆ ಬರೆಸುವುದಿಲ್ಲ ಎಂಬುದನ್ನು ಸೇರಿಸಿಕೊಳ್ಳುವ ದಿನವೇ, ಶುಲ್ಕದ ರಸೀದಿಯ ಜೊತೆಗೆ, ಆಡಳಿತ ಮಂಡಳಿ ಹೇಳಬೇಕು. ಅಂಗನವಾಡಿಯ ಮಟ್ಟಿಗೆ ಆ ಮಾತನ್ನು ಇಲಾಖೆಯ ಮೇಲ್ವಿಚಾರಕಿ ತಾಯಂದಿರ ಸಭೆಯಲ್ಲಿ ತಾನೇ ಹೇಳಬೇಕು. ಬಾಗಿಲಲ್ಲಿ ನಿಲ್ಲಿಸಿ ಕೇಳುವವರಿಗೆ ತಿಂಗಳ ಕೊನೆಗೆ ಸಂಬಳ ಎಣಿಸುವವಳೊಬ್ಬಳೇ ಉತ್ತರಿಸುವ ಏರ್ಪಾಡು ನ್ಯಾಯವಲ್ಲ. ಈ ನಡುದಾರಿಗೂ ಬೆಲೆಯಿದೆ: ಕೆಲವು ಹೆತ್ತವರಿಗೆ ಇದು ಸಾಲದು, ಕೆಲವು ಶಿಕ್ಷಣತಜ್ಞರಿಗೆ ಇದು ಅತಿಯಾಯಿತು.

ಜನವರಿಯಲ್ಲಿ ಅದೇ ಶಿಶುವಿಹಾರಕ್ಕೆ ಮತ್ತೊಮ್ಮೆ ಹೋಗಿದ್ದೆ. ಪುಸ್ತಕಗಳು ಹಾಗೆಯೇ ಇದ್ದವು. ಆಡಳಿತದವರು ನಾಲ್ಕು ಗೆರೆಯನ್ನು ಕೈಬಿಟ್ಟಿರಲಿಲ್ಲ. ಆದರೆ ಪುಟಗಳ ಅಂಚಿನಲ್ಲಿ ಶಿಕ್ಷಕಿ ಪೆನ್ಸಿಲಿನಿಂದ ಸಣ್ಣಗೆ ಎರಡು ಬಗೆಯ ಗುರುತು ಹಾಕತೊಡಗಿದ್ದರು: ‘ಕೈ ಹಿಡಿದು’, ‘ತಾನೇ’. ಮೊದಮೊದಲು ಪುಟಕ್ಕೆ ಪುಟ ‘ಕೈ ಹಿಡಿದು’ ಎಂದೇ ಇತ್ತು. ಅದನ್ನು ನೋಡಿ ಒಬ್ಬ ತಂದೆ ದಸರಾ ರಜೆ ಮುಗಿಯುವ ಹೊತ್ತಿಗೆ ಮಗಳನ್ನು ಬಿಡಿಸಿ ಬೇರೆ ಕಡೆ ಸೇರಿಸಿದರಂತೆ. “ಆ ಮಗು ಚೆನ್ನಾಗಿ ಹಾಡ್ತಿತ್ತು” ಎಂದರು ಶಿಕ್ಷಕಿ. ಬಸ್ಸು ಬಿಡಿಸಿದ್ದ ಹುಡುಗ ಇನ್ನೂ ಅಲ್ಲೇ ಇದ್ದ. ಅವನ ಪುಸ್ತಕದಲ್ಲಿ ಆವರೆಗೆ ‘ತಾನೇ’ ಎಂಬ ಗುರುತು ಬಿದ್ದದ್ದು ಮೂರು ಕಡೆ. ಮೂರರಲ್ಲೂ ‘ಎ’ ಗೆರೆ ದಾಟಿ, ಒಂದು ಕಾಲು ಗಿಡ್ಡವಾಗಿ, ಪಕ್ಕಕ್ಕೆ ವಾಲಿಕೊಂಡಿತ್ತು. ಅವನಮ್ಮ ಸಂಜೆ ಬಂದವರೇ ಹಿಂದಿನ ಪುಟಗಳನ್ನೆಲ್ಲ ದಾಟಿಸಿ ಆ ಮೂರನ್ನೇ ಹುಡುಕಿ ನೋಡುತ್ತಾರೆ ಎಂದು ಸಹಾಯಕಿ ಹೇಳಿದರು.